ಟೊಳ್ಳು ಗೋಡೆಯ ಶೆಲ್ಫು

ನವುಲೆಯಲ್ಲಿ ನಾನು ಬಾಡಿಗೆಗಿರುವ ಮನೆಯ ಹಾಲನ್ನು ಮಾಲೀಕರು ಜಿಪ್ಸಮ್ ಬೋರ್ಡ್ ನಿಲ್ಲಿಸಿ ಎರಡು ಮಾಡಿದ್ದಾರೆ. ಬಣ್ಣ ಬಳಿದ ಮೇಲೆ ಅದು ಗೋಡೆಯಂತೆಯೇ ಕಾಣುತ್ತದೆ. ಬೆರಳಿನಿಂದ ತಟ್ಟಿದರೆ ಮಾತ್ರ ಒಳಗೆ ಏನೂ ಇಲ್ಲವೆಂದು ತಿಳಿಯುತ್ತದೆ. ಪುಸ್ತಕಗಳಿಗೊಂದು ಶೆಲ್ಫು ಬೇಕೆಂದು ನಾನು ಹೇಳಿದ ವಾರವೇ ಅಪ್ಪ ಡ್ರಿಲ್ಲಿಂಗ್ ಮೆಷಿನ್ ಹಿಡಿದು ಭದ್ರಾವತಿಯಿಂದ ಬಸ್ಸು ಹತ್ತಿ ಬಂದರು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರನ್ನು ಯಾರೂ ಒಂದು ಕೆಲಸಕ್ಕೆಂದು ಕರೆದಿರಲಿಲ್ಲ.

ತೂತು ಕೊರೆದು, ಸ್ಕ್ರೂ ಹಿಡಿದುಕೊಳ್ಳಲೆಂದು ಪ್ಲಾಸ್ಟಿಕ್ ಗಿಟ್ಟಿ ತೂರಿಸಿದರು. ಸ್ಕ್ರೂ ತಿರುಗಿಸಿದಷ್ಟೂ ಗಿಟ್ಟಿಯೂ ಅದರ ಜೊತೆ ತಿರುಗಿತು. ದೇವರ ಮುಂದಿನ ಬೆಂಕಿಪೊಟ್ಟಣ ತರಿಸಿ, ಕಡ್ಡಿಗಳನ್ನು ಮುರಿದು ಗಿಟ್ಟಿಯ ಸುತ್ತ ತುರುಕಿದರು. ನಮ್ಮ ಕ್ವಾರ್ಟರ್ಸಿನ ಇಟ್ಟಿಗೆ ಗೋಡೆಗಳಲ್ಲಿ ಕ್ಯಾಲೆಂಡರು, ಕನ್ನಡಿ, ಗಡಿಯಾರ ಎಲ್ಲವೂ ಹಾಗೆಯೇ ನಿಂತಿದ್ದವು. ಈ ಬೋರ್ಡಿಗೆ ಬೇರೆ ಬಗೆಯ ಗಿಟ್ಟಿ ಬೇಕೆಂದು ನಾನು ಆಗಲೇ ಓದಿಕೊಂಡಿದ್ದೆ. ಅವರ ಮುಖ ನೋಡಿ ಹೇಳಲಿಲ್ಲ.

"ಸಕ್ರೆಬೈಲು ಕ್ಯಾಂಪಿಂದ ಆನೆ ತಂದು ಕಟ್ಟು ಮಾರಾಯ್ತಿ, ಅಲ್ಲಾಡಲ್ಲ" ಎಂದರು ಅಪ್ಪ, ಶೆಲ್ಫನ್ನು ಕೂರಿಸಿ.

ಆ ವಾರ ಮುಗಿಯುವುದರೊಳಗೆ ಶೆಲ್ಫು ಪುಸ್ತಕಗಳ ಸಮೇತ ನೆಲದ ಮೇಲಿತ್ತು. ಬೋರ್ಡಿನಲ್ಲಿ ಅಂಗೈಯಗಲದ ಗುಳಿ. ಪುಟ್ಟಿ ಮೆತ್ತಿ ಬಣ್ಣ ಹಚ್ಚಿದೆ. ಬೋರ್ಡಿನ ಹಿಂದೆ ಹೋಗಿ ರೆಕ್ಕೆ ಬಿಚ್ಚಿ ಹಿಡಿದುಕೊಳ್ಳುವ ಗಿಟ್ಟಿಗಳನ್ನು ತಂದು, ಸ್ವಲ್ಪ ಪಕ್ಕಕ್ಕೆ ಹೊಸ ತೂತು ಕೊರೆದು, ಶೆಲ್ಫನ್ನು ಮತ್ತೆ ನಿಲ್ಲಿಸಿದೆ. ಮುಂದಿನ ಸಲ ಬಂದಾಗ ಅಪ್ಪ ಅದನ್ನು ಜಗ್ಗಿ ನೋಡಿದರು. ಕಾಫಿ ಮುಗಿಯುವವರೆಗೂ ಅದರ ಕೆಳಗೇ ಕೂತಿದ್ದರು. ಆಗಲೂ ನಾನು ಹೇಳಲಿಲ್ಲ.

ಕಳೆದ ಭಾನುವಾರ ಅಪ್ಪ ಭದ್ರಾವತಿಯ ಅಕ್ಕನ ಮನೆಯಿಂದ ಫೋನ್ ಮಾಡಿದರು. ಅಲ್ಲಿ ಮಹಡಿಯ ಕೋಣೆಗೂ ಅಂಥದೇ ಬೋರ್ಡು.

"ಪಾಪು ಮಂಚದ ಮೇಲ್ಗಡೆ ಒಂದು ಶೆಲ್ಫ್ ಹೊಡೀತಿದೀನಿ. ನಿಮ್ಮಕ್ಕಂಗೆ ಭಯವಂತೆ. ನಿನ್ನ ಮನೇದು ಹೆಂಗೆ ನಿಂತಿದೆ, ಸ್ವಲ್ಪ ಹೇಳು ಇವಳಿಗೆ."

"ಅಪ್ಪಾ, ಹೊಡೀಬೇಡಿ. ನಂದು ಬಿದ್ದೋಗಿತ್ತು. ಆಮೇಲೆ ನಾನೇ ಬೇರೆ ಗಿಟ್ಟಿ ಹಾಕಿದ್ದು."

ಆ ಕಡೆ ಮೆಷಿನ್ ಕೆಳಗಿಟ್ಟ ಸದ್ದು ಕೇಳಿಸಿತು.

"ಯಾವಾಗ?"

"ನೀವು ಹಾಕಿದ ವಾರಾನೇ."

"ನಾನು ಬಂದು ಜಗ್ಗಿ ನೋಡ್ದಾಗ ಪಕ್ಕದಲ್ಲೇ ನಿಂತಿದ್ಯಲ್ಲೇ."

"ಬೇಜಾರು ಮಾಡ್ಕೋತೀರಿ ಅಂತ..."

"ಓಹೋ."

ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಹಿಂದಿನಿಂದ ಅಕ್ಕ, "ಏನಂತೆ ಅಪ್ಪಾ ಅವಳದ್ದು?" ಎಂದು ಕೇಳುವುದು ಕೇಳಿಸಿತು.

"ಏನಿಲ್ಲ. ಮೆಷಿನ್ ಯಾಕೋ ಕೈಕೊಡ್ತಿದೆ. ಇವತ್ತು ಬೇಡ ಬಿಡು" ಎಂದರು ಅಪ್ಪ.

ಆ ಮೆಷಿನ್ ಎಂದೂ ಕೈಕೊಟ್ಟದ್ದಲ್ಲ. ಮಗುವಿನ ಮೇಲೆ ಏನೂ ಬೀಳುವುದಿಲ್ಲ, ಅದು ಸರಿ. ಆದರೆ ಅಪ್ಪ ಅಕ್ಕನ ಮುಂದೆ ಹಾಗೊಂದು ನೆಪ ಹುಡುಕಬೇಕಾಯಿತಲ್ಲ, ಅದು ನನ್ನಿಂದ.