ಕೈಗಳು ತಡವರಿಸದಂತೆ ನೋಡಿಕೊಳ್ಳುವ ಇನ್ಸಾಫ್

ಬೆಳಗಿನ ನಮಾಜು ಮುಗಿದಿದೆ. ಈಜಿಪ್ಟಿನ ಪೋರ್ಟ್ ಸಯೀದಿನ ಅಲ್-ಅರಬ್ ಬಡಾವಣೆಯ ಬೀದಿಗಳು ಇನ್ನೂ ಪೂರ್ತಿ ಎದ್ದಿಲ್ಲ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಇನ್ಸಾಫ್ ಟೀವಿಯ ಮುಂದೆ ಕಾಲು ಚಾಚಿ ಕೂತಿದ್ದಾರೆ. ಪರದೆಯ ಮೇಲೆ ಎರಡು ಕೈಗಳು ಹಸಿ ಬಟಾಣಿ ಬಿಡಿಸುತ್ತಿವೆ. ಸಿಪ್ಪೆ ಬಿರಿಯುತ್ತದೆ, ಹೆಬ್ಬೆರಳು ಸರಿಯುತ್ತದೆ, ಕಾಳು ಬಟ್ಟಲಿಗೆ ಬೀಳುತ್ತದೆ. ಸದ್ದಿಲ್ಲ. ಆ ಕೈಗಳೂ ಇನ್ಸಾಫ್ ಅವರವೇ. ತಂಗಿಯ ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಂಡದ್ದು.

ಟೀವಿಯ ಪಕ್ಕದಲ್ಲಿ ರಿಪೇರಿಗೆ ಬಂದ ಅಂಗೈಯಗಲದ ಕಪ್ಪು ಪೆಟ್ಟಿಗೆಯಿದೆ. ಇಂಟರ್ನೆಟ್ಟಿನಿಂದ ವಿಡಿಯೊ ತರಿಸಿ ಟೀವಿಗೆ ಒಪ್ಪಿಸುವುದು ಅದರ ಕೆಲಸ. ಈ ಹೊತ್ತಿನಲ್ಲಿ ಕಟ್ಟಡದವರೆಲ್ಲ ಮಲಗಿರುವುದರಿಂದ ಲೈನು ಖಾಲಿ ಇರುತ್ತದೆ. ಆಗಲೂ ಚಿತ್ರ ತಡವರಿಸಿದರೆ ದೋಷ ಪೆಟ್ಟಿಗೆಯದು, ಲೈನಿನದಲ್ಲ. ಅದಕ್ಕೇ ಅವರು ಇಷ್ಟು ಬೇಗ ಬಾಗಿಲು ತೆಗೆಯುತ್ತಾರೆ. ಕಾಳೊಂದು ಬೆರಳಿನಿಂದ ಮಾಯವಾಗಿ ನೇರ ಬಟ್ಟಲಲ್ಲಿ ಕಾಣಿಸಿಕೊಳ್ಳುತ್ತದೆ. ಅವರ ಕೆಲಸ ನೋಡಲೆಂದು ಬಂದು ಪಕ್ಕದಲ್ಲಿ ಕೂತ ನನಗೆ ಗೊತ್ತೇ ಆಗುವುದಿಲ್ಲ. ಇನ್ಸಾಫ್ ನಾಲಿಗೆಯಲ್ಲಿ 'ಚ್' ಎನ್ನುತ್ತಾರೆ. "ಹೊಲಿಗೆ ತಪ್ತು," ಎನ್ನುತ್ತಾರೆ.

ಹೊಲಿಗೆಯ ಮಾತು ಅವರಿಗೆ ಹಳೆಯ ಕೆಲಸದಿಂದ ಬಂದದ್ದು. ಹುಡುಗಿಯಾಗಿದ್ದಾಗಲೇ ಸಿದ್ಧ ಉಡುಪಿನ ಕಾರ್ಖಾನೆ ಸೇರಿ, ಮುಂದೆ ಸಾಗುತ್ತಿದ್ದ ಅಂಗಿಗಳಲ್ಲಿ ತಪ್ಪಿದ ಹೊಲಿಗೆ ಹುಡುಕುತ್ತಿದ್ದರು. ನಿಂತು ನಿಂತು ಮೊಣಕಾಲು ಕೆಟ್ಟ ಮೇಲೆ ಕಾರ್ಖಾನೆಯವರು ಮನೆಗೆ ಕಳಿಸಿದರು. ತಂಗಿಯ ಗಂಡ ರಜಬ್ ಡಿಶ್ ಮತ್ತು ರಿಸೀವರ್ ಮಾರುವ ಅಂಗಡಿ ಇಟ್ಟಿದ್ದ. ಅಲ್ಲಿ ಗಲ್ಲಾ ಕಾಯಲು ಕೂತರು. ಗಿರಾಕಿಗಳು ಬಿಸಾಡಿ ಹೋದ ಪೆಟ್ಟಿಗೆಗಳನ್ನು ಬಿಚ್ಚಿ ನೋಡುತ್ತ ಕೈ ಪಳಗಿತು. ಗಂಡಸರು ಕೆಲಸಕ್ಕೆ ಹೋದ ಮನೆಗಳಿಗೆ ಪರಗಂಡಸು ರಿಪೇರಿಯವನನ್ನು ಒಳಗೆ ಕರೆಯಲು ಇಲ್ಲಿನ ಹೆಂಗಸರು ಹಿಂಜರಿಯುತ್ತಾರೆ. ಇನ್ಸಾಫ್ ಆದರೆ ನೇರ ಅಡುಗೆಮನೆಯವರೆಗೂ ಬರಬಹುದು. ಹಾಗಾಗಿ ಕೆಲಸಕ್ಕೆ ಬರವಿಲ್ಲ. ಗಂಡಸು ಕಸಬುದಾರರನ್ನು ಕರೆಯುವ ಹಾಗೆಯೇ ಬೀದಿಯವರೆಲ್ಲ ಅವರನ್ನೂ 'ಉಸ್ತಾ' ಎನ್ನುತ್ತಾರೆ.

ರಜಬ್ ಮಾತ್ರ ಕೆಣಕುವುದನ್ನು ಬಿಟ್ಟಿಲ್ಲ. ಹೊಸ ಪೆಟ್ಟಿಗೆ ಕೊಳ್ಳುವವರನ್ನು ಅವರು ಕೆಡಿಸುತ್ತಿದ್ದಾರೆ ಎನ್ನುವುದು ಅವನ ದೂರು. ಇವತ್ತೂ ಅಂಗಡಿಯ ಷಟರ್ ಎತ್ತುತ್ತ, "ಉಸ್ತಾ, ನಿಮ್ಮ ಆಸ್ಪತ್ರೇಲಿ ಬರೀ ಮುದುಕರೇ ಅಲ್ವಾ," ಎನ್ನುತ್ತಾನೆ.

"ನಿನ್ನ ಅಂಗಡಿ ಕೂಸುಗಳೂ ಎರಡು ವರ್ಷಕ್ಕೆ ಇಲ್ಲಿಗೇ ಬರ್ತವೆ ಕಣೋ," ಎಂದು ಇನ್ಸಾಫ್ ಚೀಲ ಹೆಗಲಿಗೇರಿಸುತ್ತಾರೆ.

ಇವತ್ತಿನ ಮೊದಲ ಮನೆ ಕೌಸರ್ ಅವರದು. ಮೂರನೆಯ ಮಹಡಿ. ಕೌಸರ್ ಅವರಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಸುಯೆಜ್‌ನಲ್ಲಿರುವ ಅವರ ತಂಗಿ ರಸ್ಮಿಯ್ಯಾಗೂ ಹಾಗೆಯೇ. ಶಾಲೆಗೆ ಕಳಿಸದ ಕಾಲದಲ್ಲಿ ಅಕ್ಕತಂಗಿಯರು ತಮ್ಮಷ್ಟಕ್ಕೆ ತಾವೇ ಕೈಸನ್ನೆಗಳನ್ನು ಕಟ್ಟಿಕೊಂಡರು. ಅದನ್ನು ಅವರಿಬ್ಬರ ಹೊರತು ಪೂರ್ತಿ ಬಲ್ಲವರಿಲ್ಲ. ಬೇರೆ ಮನೆ ಮಾಡಿರುವ ಮಗ ಬಂದಾಗ ರಸ್ಮಿಯ್ಯಾ ಅವನ ಫೋನಿನಲ್ಲಿ ವಿಡಿಯೊ ಮಾಡಿ ಕಳಿಸುತ್ತಾರೆ. ಕೌಸರ್ ಅವರ ಕಣ್ಣು ಮಂಜಾಗಿದೆ, ಫೋನಿನಲ್ಲಿ ನೋಡಿದರೆ ತಂಗಿಯ ಕೈಗಳು ಇರುವೆಯಂತೆ ಕಾಣುತ್ತವೆ. ಟೀವಿಯೇ ಬೇಕು.

ಒಂಟಿಯಾಗಿರುವ ತಂಗಿಯನ್ನು ತನ್ನ ಜೊತೆ ಇರಲು ಬಾ ಎಂದು ಕೌಸರ್ ಕರೆದಿದ್ದರು. ಒಳಕೋಣೆ ಖಾಲಿ ಮಾಡಿಸಿ ಮಂಚ ಹಾಕಿಸಿದ್ದರು. ಉತ್ತರದ ವಿಡಿಯೊ ಬಂತು. ಪೆಟ್ಟಿಗೆ ಅದನ್ನು ತಡವರಿಸಿ ತೋರಿಸಿತು. ಎಷ್ಟು ಸಲ ಹಾಕಿದರೂ ಕಂಡದ್ದು ಇಷ್ಟೇ: ಒಂದಷ್ಟು ತುಣುಕು, ಆಮೇಲೆ 'ಬರುವುದಿಲ್ಲ'. ಇನ್ನೊಮ್ಮೆ ಕೇಳಿ ನೋಡೋಣ ಎಂದ ಸೊಸೆ ನಜ್ಲಾಗೆ ಕೌಸರ್ ಎರಡೂ ಕೈ ಝಾಡಿಸಿಬಿಟ್ಟರು. ಬರಲ್ಲ ಅಂದವಳ ಕಾಲು ಹಿಡಿಯುವುದಿಲ್ಲ ಎಂದು ಅದರ ಅರ್ಥ. ಮಂಚ ಬಿಚ್ಚಿಸಿ ಗೋಡೆಗೆ ಒರಗಿಸಿದ್ದಾರೆ. ಮಧ್ಯಾಹ್ನ ಹಳೇ ಸಾಮಾನಿನ ಗಾಡಿಯವನು ಬಂದು ಅದನ್ನು ಒಯ್ಯುತ್ತಾನೆ. ಅಷ್ಟರೊಳಗೆ ಪೂರ್ತಿ ವಿಡಿಯೊ ಒಮ್ಮೆ ಕಾಣಲಿ ಎಂದು ನಜ್ಲಾ ಅತ್ತೆಗೆ ಹೇಳದೆ ಇನ್ಸಾಫ್‌ರನ್ನು ಕರೆಸಿದ್ದಾಳೆ.

ಕೌಸರ್ ಸೋಫಾದಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿದ್ದಾರೆ. ಟೀವಿಯ ಮೇಲೊಂದು ಕ್ರೋಶಾ ಹೊದಿಕೆ. ರಿಮೋಟಿಗೆ ಪ್ಲಾಸ್ಟಿಕ್ ಅಂಗಿ. ಪುಟ್ಟ ಪೆಟ್ಟಿಗೆಗೂ ಅಂಚಿಗೆ ಮಣಿ ಕಟ್ಟಿದ ದಪ್ಪ ಕ್ರೋಶಾ ಟೊಪ್ಪಿ.

ಇನ್ಸಾಫ್ ಮೊದಲು ಆ ಮನೆಯ ವೈಫೈನಲ್ಲಿ ತಮ್ಮ ಫೋನಿಗೆ ಬಟಾಣಿಯ ವಿಡಿಯೊ ಹಾಕುತ್ತಾರೆ. ಒಂದು ಕಾಳೂ ಜಿಗಿಯುವುದಿಲ್ಲ. ಲೈನು ಸರಿಯಿದೆ ಎಂದಾಯಿತು. ಮೇಲಿನ ಮನೆಯವರು ವೈಫೈ ಕದಿಯುತ್ತಿದ್ದಾರೆಂದು ನಜ್ಲಾ ಅವರ ಜೊತೆ ಮಾತು ಬಿಟ್ಟು ತಿಂಗಳಾಗಿದೆಯಂತೆ. "ಇವತ್ತೇ ಹೋಗಿ ಮಾತಾಡ್ಸಮ್ಮ, ಒಂದು ತಟ್ಟೆ ಬಸ್ಬೂಸಾ ಸಿಹಿ ತಗೊಂಡು ಹೋಗು," ಎಂದು ಇನ್ಸಾಫ್ ತಲೆಯೆತ್ತದೆ ಹೇಳುತ್ತಾರೆ. ಆಮೇಲೆ ಟೊಪ್ಪಿಯೊಳಗೆ ಕೈ ತೂರಿಸಿ ಪೆಟ್ಟಿಗೆ ಮುಟ್ಟುತ್ತಾರೆ. ಆಗಷ್ಟೇ ಒಲೆಯಿಂದ ತೆಗೆದ ರೊಟ್ಟಿಯಷ್ಟು ಬಿಸಿ.

ಧೂಳು ಕೂತು ಕೆಡುತ್ತಿದೆ ಎಂದುಕೊಂಡು ನಜ್ಲಾ ಇನ್ನೂ ದಪ್ಪ ನೂಲಿನಲ್ಲಿ ಹೊಸ ಟೊಪ್ಪಿ ಹೆಣೆದಿದ್ದಾಳೆ. ಪೆಟ್ಟಿಗೆ ತಡವರಿಸಿದಷ್ಟೂ ಟೊಪ್ಪಿ ದಪ್ಪವಾಗುತ್ತ ಬಂದಿದೆ. ಇನ್ಸಾಫ್ ಪ್ರಕಾರ ಈ ಊರಿನ ಅರ್ಧ ಪೆಟ್ಟಿಗೆಗಳಿಗೆ ಹೀಗೆ ಮುದ್ದಿನಿಂದಲೇ ಜ್ವರ ಬರುವುದು. ಅವರು ಟೊಪ್ಪಿ ತೆಗೆದು, ಹೆಣಿಗೆ ಚೆನ್ನಾಗಿದೆ ಎಂದು ಹೊಗಳಿ, ಹೂದಾನಿಗೆ ತೊಡಿಸುತ್ತಾರೆ. ಟೀವಿಯ ಬೆನ್ನಿನಿಂದ ಕರೆಂಟು ಕುಡಿಯುತ್ತಿದ್ದ ಪೆಟ್ಟಿಗೆಯ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಹಾಕುತ್ತಾರೆ. ಟೀವಿ ಕೊಡುವ ಕರೆಂಟು ಅದಕ್ಕೆ ಸಾಲುವುದಿಲ್ಲ. ಪೆಟ್ಟಿಗೆ ತಣಿಯುವ ತನಕ ಚಹಾ ಆಗುತ್ತದೆ.

ಆಮೇಲೆ ಬಟಾಣಿ. ಎಲ್ಲ ಕಾಳೂ ಸರಿಯಾಗಿ ಬೀಳುತ್ತವೆ. ನಜ್ಲಾ ಆಗಲೇ ನಿಟ್ಟುಸಿರು ಬಿಡುತ್ತಾಳೆ. ಆದರೆ ರಸ್ಮಿಯ್ಯಾರ ವಿಡಿಯೊ ಹಾಕಿದರೆ ಮತ್ತೆ ಅದೇ ಜಾಗದಲ್ಲಿ ಕೈಗಳು ಇಲ್ಲಿಂದ ಅಲ್ಲಿಗೆ ಜಿಗಿಯುತ್ತವೆ. ಕೌಸರ್ ಓರೆಗಣ್ಣಿನಲ್ಲಿ ನೋಡಿ ಮತ್ತೆ ಗೋಡೆಗೆ ತಿರುಗುತ್ತಾರೆ.

ಇನ್ಸಾಫ್ ಅದೇ ಭಾಗವನ್ನು ಮತ್ತೆ ಮತ್ತೆ ನೋಡುತ್ತಾರೆ. ಸದ್ದು ಆರಿಸಿ ನೋಡುವುದನ್ನು ಅವರಿಗೆ ಕಲಿಸಿದ್ದು ಇದೇ ಮನೆ. ಮೊದಲ ಸಲ ಬಂದಾಗ ಹಾಡು ಹಾಕಿ, ಹಾಡು ಎಲ್ಲೂ ಕಡಿಯದ್ದನ್ನು ಕೇಳಿ, ಆಯಿತು ಎಂದಿದ್ದರು. ಕೌಸರ್ ಇನ್ಸಾಫ್ ಅವರ ಕಿವಿ ಹಿಂಡಿ, ಕಣ್ಣಿನತ್ತ ಬೆರಳು ತೋರಿಸಿದ್ದರಂತೆ. "ಹಾಡು ಸರಾಗ ಹೋದ್ರೆ ಕಣ್ಣಿಗೆ ತಪ್ಪು ಗೊತ್ತಾಗಲ್ಲ. ಕಿವಿ ಸುಳ್ಳು ಹೇಳುತ್ತೆ," ಎಂದು ಇನ್ಸಾಫ್ ಕಿವಿ ಸವರಿಕೊಂಡು ನಗುತ್ತಾರೆ.

ಕೊನೆಗೆ ಸೆಟ್ಟಿಂಗ್ ತೆರೆದು ನೋಡಿದರೆ ಚಿತ್ರದ ಕ್ವಾಲಿಟಿ ತುತ್ತತುದಿಯಲ್ಲಿದೆ. ರಸ್ಮಿಯ್ಯಾರ ಮಗ ಹೊಸ ಫೋನು ಕೊಂಡಿದ್ದಾನೆ. ಅದರ ವಿಡಿಯೊ ಭಾರ, ಪೆಟ್ಟಿಗೆ ಮುದಿ. ಹೊರಲಾರದೆ ನಡುನಡುವೆ ಒಂದಿಷ್ಟು ಎಸೆಯುತ್ತ ಬರುತ್ತಿದೆ. ಇನ್ಸಾಫ್ ಕ್ವಾಲಿಟಿ ಕೆಳಗಿಳಿಸುತ್ತಾರೆ. ಚಿತ್ರ ಮಬ್ಬಾಗುತ್ತದೆ.

ನಜ್ಲಾಳ ಮುಖ ಬಾಡುತ್ತದೆ. "ಉಸ್ತಾ, ಮನೆಗೆ ಬಂದವ್ರಿಗೆ ಇಂಥ ಮಬ್ಬು ಚಿತ್ರ ತೋರ್ಸೋದಾ? ಹಂಗಾಗ್ಬಾರ್ದು ಅಂತ್ಲೇ ನಾನು ಯಾವಾಗ್ಲೂ ಮೇಲಕ್ಕೆ ಇಡ್ತಿದ್ದೆ."

"ಬಂದವ್ರು ಚಹಾ ಕುಡ್ದು ಹೋಗ್ತಾರೆ. ನೋಡ್ಬೇಕಾದವ್ರು ಅಲ್ಲಿ ಕೂತಿದಾರೆ," ಎಂದು ಇನ್ಸಾಫ್ ಎದ್ದು ಹೋಗಿ ಕೌಸರ್ ಅವರ ಭುಜ ತಟ್ಟುತ್ತಾರೆ.

ಕೌಸರ್ ತಿರುಗುತ್ತಾರೆ. ಪರದೆಯ ಮೇಲೆ ರಸ್ಮಿಯ್ಯಾರ ಮುಖದ ಗೆರೆಗಳು ಕಾಣುವುದಿಲ್ಲ, ಮಸುಕು ಗಾಜಿನ ಆಚೆ ನಿಂತ ಹಾಗಿದ್ದಾರೆ. ಆದರೆ ಕೈಗಳು ಹರಿಯುತ್ತಿವೆ. ಆ ಜಾಗ ಬರುತ್ತದೆ. ಈ ಸಲ ಜಿಗಿತವಿಲ್ಲ. ರಸ್ಮಿಯ್ಯಾ ಎರಡೂ ಕೆನ್ನೆಗಳಿಂದ ಬೆರಳುಗಳನ್ನು ಸರ್ರನೆ ಹೊರಕ್ಕೆ ಎಳೆಯುತ್ತಾರೆ, ಮೀಸೆಯಂತೆ. ತೋಳಲ್ಲಿ ಏನನ್ನೋ ಅಪ್ಪಿಕೊಳ್ಳುತ್ತಾರೆ, ಅದನ್ನು ಕೆಳಗಿಡುವಂತೆ ಮಾಡುತ್ತಾರೆ, ತಲೆ ಅಲ್ಲಾಡಿಸುತ್ತಾರೆ. ಆಮೇಲೆ, 'ಬರುವುದಿಲ್ಲ'.

ಕೌಸರ್ ಮುಂದಕ್ಕೆ ಬಾಗುತ್ತಾರೆ. ಮತ್ತೊಮ್ಮೆ ಹಾಕು ಎಂದು ಬೆರಳು ತಿರುಗಿಸುತ್ತಾರೆ. ಎರಡನೆಯ ಸಲ ಮುಗಿಯುವಷ್ಟರಲ್ಲಿ ಅವರ ಹೊಟ್ಟೆ ನಗುವಿಗೆ ಕುಲುಕತೊಡಗುತ್ತದೆ. ನಮಗೂ ತಿಳಿಯಲೆಂದು ತಮ್ಮ ಕೆನ್ನೆಯಿಂದಲೂ ಮೀಸೆ ಎಳೆದು ತೋರಿಸುತ್ತಾರೆ. ತಂಗಿ ಬರುವುದಿಲ್ಲ ಎಂದಿಲ್ಲ. ಬೆಕ್ಕನ್ನು ಬಿಟ್ಟು ಬರುವುದಿಲ್ಲ ಎಂದಿದ್ದಾರೆ. ಇಷ್ಟು ದಿನ ಪೆಟ್ಟಿಗೆ ಎಸೆಯುತ್ತಿದ್ದದ್ದು ಆ ಬೆಕ್ಕನ್ನೇ.

ಕೌಸರ್ ಅವರಿಗೆ ಬೆಕ್ಕು ಕಂಡರಾಗದು. ನಜ್ಲಾ ಅದನ್ನು ನೆನಪಿಸಲು ಹೋದರೆ ಅವಳ ಕೈಗೆ ಒಂದು ಏಟು ಬೀಳುತ್ತದೆ. ಫೋನು ಹಿಡಿ ಎಂದು ಸನ್ನೆ ಮಾಡಿ, ತಲೆವಸ್ತ್ರ ಸರಿಮಾಡಿಕೊಂಡು, ಕೌಸರ್ ಉತ್ತರ ಕೊಡುತ್ತಾರೆ. ಅವರ ಕೈಗಳು ಬಾಲ್ಕನಿಯತ್ತ ಹೋಗುತ್ತವೆ, ಒಂದು ಬುಟ್ಟಿ ಕಟ್ಟುತ್ತವೆ, ಮೂಗು ಮುಚ್ಚುತ್ತವೆ, ಕೊನೆಗೆ ಎದೆಯ ಕಡೆ ಬಾ ಬಾ ಎಂದು ಎರಡೂ ಕೂಡಿ ಕರೆಯುತ್ತವೆ. ಇಷ್ಟನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಬೀದಿಯಲ್ಲಿ ಹಳೇ ಸಾಮಾನಿನವನ ಕೂಗು ಕೇಳಿಸುತ್ತದೆ. ನಜ್ಲಾ ಬಾಲ್ಕನಿಗೆ ಓಡಿ, ಕೊಡೋದು ಏನೂ ಇಲ್ಲ, ಮುಂದೆ ಹೋಗಪ್ಪಾ ಎಂದು ಕೂಗಿ ಬರುತ್ತಾಳೆ. ಇನ್ಸಾಫ್ ಚೀಲದಿಂದ ದೊಡ್ಡ ಸ್ಕ್ರೂಡ್ರೈವರ್ ತೆಗೆದು ಒಳಕೋಣೆಗೆ ಹೋಗುತ್ತಾರೆ. ನೋಯುವ ಮೊಣಕಾಲನ್ನು ದಿಂಬಿನ ಮೇಲೆ ಊರಿ ಮಂಚ ಜೋಡಿಸುತ್ತಾರೆ. ಇದು ಅವರ ಕೆಲಸವಲ್ಲ ಎಂದರೆ, ಸ್ಕ್ರೂ ಸ್ಕ್ರೂನೇ ಎನ್ನುತ್ತಾರೆ.

ಮೆಟ್ಟಿಲಿಳಿಯುವಾಗ, ರಜಬ್ ಹೇಳುವಂತೆ ಇದರ ಬದಲು ಹೊಸ ಪೆಟ್ಟಿಗೆ ಕೊಂಡಿದ್ದರೂ ಆಗುತ್ತಿತ್ತಲ್ಲ ಎಂದು ಕೇಳುತ್ತೇನೆ. ಇನ್ಸಾಫ್ ಒಪ್ಪುತ್ತಾರೆ. ಹೊಸದಾದರೆ ಮುಖವೂ ಸ್ಪಷ್ಟ ಕಾಣುತ್ತಿತ್ತು ಎನ್ನುತ್ತಾರೆ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಕೊನೆಯ ತಿರುವಿನಲ್ಲಿ ನಿಲ್ಲುತ್ತಾರೆ. ಬಾಯಿಂದೊಂದು ಆಸೆ ಹೊರಬರುತ್ತದೆ.

"ರಸ್ಮಿಯ್ಯಾ ಬಂದ್ಮೇಲೆ, ಆ ಬೆಕ್ಕನ್ನ ಒಂದ್ಸಲ ಎತ್ಕೊಂಡು ನೋಡ್ಬೇಕು. ಇಷ್ಟು ವರ್ಷದಲ್ಲಿ ನಾನು ರಿಪೇರಿ ಮಾಡಿದ್ದು ಒಂದಾದ್ರೂ ನನ್ನ ತೊಡೆ ಮೇಲೆ ಕೂತು ಗುರ್ ಅನ್ಲಿ."