ಕಡಲ ಮೇಲಿದ್ದವರ ಈಜು

ಗೆಳತಿಯರೇ, ನನ್ನ ಗಂಡನಿಗೆ ಈಜು ಬರುವುದಿಲ್ಲವಂತೆ! ಗಲ್ಫಿನ ನಡುಗಡಲಲ್ಲಿ, ತೈಲ ತೆಗೆಯುವ ರಿಗ್ಗಿನ ಮೇಲೆ ವರ್ಷಗಟ್ಟಲೆ ದುಡಿದವರು. ರಿಗ್ ಮುಚ್ಚಿಹೋಗಿ ಪುತ್ತೂರಿಗೆ ಮರಳಿದ ಮೇಲೆ, ಹಾಗೆ ಕೆಲಸ ಕಳೆದುಕೊಂಡವರಿಗೆಂದೇ ಮಂಗಳೂರಿನ ಕಡೆ ನಡೆಯುವ ಕಡಲಕಳೆ ಬೆಳೆಸುವ ತರಬೇತಿಗೆ ಸೇರಿದ್ದಾರೆ. ನಮಗೀಗ ಇರುವ ದಾರಿ ಅದೊಂದೇ.

ಇವತ್ತು ಬೆಳಿಗ್ಗೆ ತರಬೇತಿಯವರ ಫೋನ್ ಬಂತು. "ಮುಂದಿನ ತಿಂಗಳಿಂದ ನೀರಿಗೆ ಇಳಿಯುದು. ಈಜು ಬಾರದವರನ್ನು ವಾಪಸ್ ಕಳಿಸುದು. ನಿಮಗೆ ಅದೆಲ್ಲ ಹೇಳಬೇಕಾ ಸಾಹೇಬ್ರೆ!"

ಫೋನಿಟ್ಟು ಇವರು ಮಗುವಿನ ತೊಟ್ಟಿಲು ತೂಗುತ್ತಾ ಕೂತರು. ಆಮೇಲೆ ಮೆಲ್ಲಗೆ, "ನಂಗೆ ಈಜು ಬರುದಿಲ್ಲ ಮಾರಾಯ್ತಿ" ಅಂದರು.

"ಎಂತ? ಇಷ್ಟು ವರ್ಷ ಸಮುದ್ರದಲ್ಲಿ ಇದ್ದದ್ದಲ್ವಾ?"

"ಸಮುದ್ರದ ಮೇಲೆ ಇದ್ದದ್ದು. ಅಲ್ಲಿ ನೀರು ಮುಟ್ಟುವ ಕೆಲಸವೇ ಇಲ್ಲ. ಬಿದ್ದರೆ ಲೈಫ್ ಜಾಕೆಟ್ ಉಂಟಲ್ಲ."

ಸಂಜೆಯೇ ಇವರು ಈಜು ಕಲಿಯಲು ಊರಿನ ಈಜುಕೊಳಕ್ಕೆ ಹೊರಟರು. ಮಗುವನ್ನು ಎತ್ತಿಕೊಂಡು ನಾನೂ ಹೋದೆ. ಕಲಿಯುವವರೆಲ್ಲ ಶಾಲೆಯ ಮಕ್ಕಳು. ಅವರ ನಡುವೆ, ಎದೆಮಟ್ಟದ ನೀರಿನಲ್ಲಿ ಕೊಳದ ಅಂಚಿನ ಕಂಬಿ ಹಿಡಿದು ನಿಂತ ನನ್ನವರು.

"ಕಂಬಿ ಬಿಡಿ ಸಾಹೇಬ್ರೆ, ಅದು ಎಲ್ಲಿಗೂ ಓಡಿ ಹೋಗುದಿಲ್ಲ" ಎಂದು ಕಲಿಸುವವರು ನಕ್ಕರು. ಇವರು ಬಿಟ್ಟರು, ಮುಳುಗಿದರು. ಕೆಮ್ಮುತ್ತಾ ಎದ್ದು, ನನ್ನನ್ನೊಮ್ಮೆ ನೋಡಿ, ಪುನಃ ಬಿಟ್ಟರು.

ಇವರು ರಿಗ್ಗಿನಲ್ಲಿದ್ದಾಗ, ಹೇಗೂ ಈಜು ಬರುತ್ತದಲ್ಲ ಎಂದುಕೊಂಡು ನಾನು ನೆಮ್ಮದಿಯಾಗಿ ಮಲಗುತ್ತಿದ್ದೆ. ಈಗ ಇವರು ಮನೆಯಲ್ಲೇ ಇದ್ದಾರೆ, ಈಜನ್ನೂ ಕಲಿಯುತ್ತಿದ್ದಾರೆ. ಮಗುವಂತೂ ಆಗಲೇ ಮಲಗಿದೆ. ಇವತ್ತು ನನಗೆ ನಿದ್ದೆ ಬಾರದ್ದಕ್ಕೆ ಮಗುವನ್ನು ದೂರುವ ಹಾಗೂ ಇಲ್ಲ.