ಪೆಟ್ರೋಲ್ ಮುಚ್ಚಳದ ತೂತು

ನನ್ನ ಬಾಯಿ ಸುಮ್ಮನಿರುವುದಿಲ್ಲ, ಕೈಯೂ ಅಷ್ಟೇ. ಏನಾದರೂ ಕೆಟ್ಟರೆ ಬಲ್ಲವರ ಹತ್ತಿರ ಒಯ್ಯುವ ಜಾಯಮಾನವೇ ನನ್ನದಲ್ಲ. ನಮ್ಮ ಹಳೇ ವ್ಯಾನಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸವೆದಾಗಲೂ ಹಾಗೇ ಆಯಿತು.

ಆ ವ್ಯಾನಿನಲ್ಲಿ ವಾರಕ್ಕೆ ಎರಡು ಸಲ ಅಕ್ಕನನ್ನು ಕೊಳಾಲದ ಕಡೆಯ ನಮ್ಮೂರಿನಿಂದ ಮಧುಗಿರಿಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದೆ. ಅವ್ವ ಹೋದ ಮೇಲೆ ನನ್ನನ್ನು ಉಣ್ಣಿಸಿ, ಬಡಿದು, ಬೆಳೆಸಿದವಳು ಅವಳೇ. ಮುಚ್ಚಳದ ರಬ್ಬರ್ ಬಿರಿದು, ಗಾಡಿ ಕುಲುಕಿದಾಗಲೆಲ್ಲ ಪೆಟ್ರೋಲ್ ವಾಸನೆ ಒಳಗೆ ನುಗ್ಗುತ್ತಿತ್ತು. ಒಂದು ದಿನ ಕೊರಟಗೆರೆ ದಾಟುವುದರೊಳಗೆ ಅಕ್ಕ ಎರಡು ಸಲ ವಾಂತಿ ಮಾಡಿದಳು.

"ಲೇ, ಆ ವಾಸ್ನೆಗೆ ಏನಾದ್ರೂ ಮಾಡ್ಲಾ. ಕರುಳೇ ಕಿತ್ಕೊಂಡ್ ಬತ್ತದೆ," ಅಂದಳು.

ಮಾಡಿದೆ. ಲಾರಿಯ ಹಳೇ ಟ್ಯೂಬ್ ಕತ್ತರಿಸಿ ದಪ್ಪ ವಾಷರ್ ಕೂರಿಸಿದೆ. ಮುಚ್ಚಳದಲ್ಲಿ ಸೂಜಿ ಮೊನೆಯಷ್ಟು ಒಂದು ತೂತಿತ್ತು. ವಾಸನೆ ಬರುವುದು ಇದರಿಂದಲೂ ಇರಬೇಕು ಅಂತ ಅದಕ್ಕೂ ಅಂಟು ಮೆತ್ತಿ ಮುಚ್ಚಿದೆ. ಬಿಗಿಯಾಗಿ ತಿರುಗಿಸಿ ಮೂಸಿ ನೋಡಿದರೆ ವಾಸನೆಯ ಸುಳಿವೇ ಇಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಲ್ಲಿಂದ ವ್ಯಾನು ದಾರಿಯಲ್ಲಿ ನಿಲ್ಲತೊಡಗಿತು. ಹತ್ತು ಹದಿನೈದು ಕಿಲೋಮೀಟರ್ ಓಡಿ, ಜಗ್ಗಿ ಜಗ್ಗಿ ಆಫ್ ಆಗುವುದು. ಪೆಟ್ರೋಲ್ ಇದೆಯಾ ಅಂತ ಮುಚ್ಚಳ ತೆಗೆದರೆ 'ಉಸ್' ಅನ್ನುವುದು. ಪೆಟ್ರೋಲ್ ಬೇಕಾದಷ್ಟು ಇರುವುದು. ಆಮೇಲೆ ತಾನಾಗಿಯೇ ಸ್ಟಾರ್ಟ್ ಆಗುವುದು.

ನನ್ನ ತಲೆಗೆ ಹೊಳೆದದ್ದು ಒಂದೇ: ಪೆಟ್ರೋಲಿಗೆ ನೀರು ಬೆರೆಸಿದ್ದಾರೆ. ಬಂಕಿನಲ್ಲಿ ಪೆಟ್ರೋಲ್ ಹಾಕುತ್ತಿದ್ದವನು ನಮ್ಮ ಬೀದಿಯವನೇ, ನನ್ನ ವಾರಿಗೆಯವನು. ಅವನೂ ಅವಳನ್ನು ಅಕ್ಕಾ ಎಂದೇ ಕೂಗುತ್ತಿದ್ದ. ವ್ಯಾನಿನಲ್ಲಿ ಅವಳಿದ್ದರೆ ಸಾಲು ತಪ್ಪಿಸಿ ನಮಗೇ ಮೊದಲು ಹಾಕಿ ಕಳಿಸುತ್ತಿದ್ದ.

ಒಂದು ಬೆಳಿಗ್ಗೆ ವ್ಯಾನು ಮಧುಗಿರಿ ರಸ್ತೆಯಲ್ಲಿ ಮೂರು ಸಲ ನಿಂತಿತು. ಮೂರನೇ ಸಲ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿಯಿತು. ಬಸ್ಸಿಗೆ ಕೈ ಅಡ್ಡ ಹಾಕಿ ಅಕ್ಕನನ್ನು ಹತ್ತಿಸಿಕೊಂಡು ಹೋಗುವಷ್ಟರಲ್ಲಿ ಅವಳ ಸರದಿ ಮುಗಿದು, ಇನ್ನೊಬ್ಬರಿಗೆ ಮೆಷಿನ್ ಹಾಕಿಯಾಗಿತ್ತು. ಅವರ ತಪ್ಪೇನಿದೆ? ಮತ್ತೆ ಸರದಿ ಸಿಕ್ಕಿದ್ದು ಎರಡು ದಿನ ಬಿಟ್ಟು. ಅಷ್ಟರಲ್ಲಿ ಅಕ್ಕನ ಮುಖ ಊದಿ, ಶ್ವಾಸಕೋಶಕ್ಕೆ ನೀರು ಸೇರಿತ್ತು. ಹೃದಯವೂ ಸೋತಿದೆ, ಹೆಚ್ಚು ದಿನ ನೆಚ್ಚಿಕೊಳ್ಳಬೇಡಿ ಅಂದರು ಡಾಕ್ಟರು.

ಅವಳನ್ನು ಮನೆಗೆ ತಂದ ದಿನವೇ ಬಂಕಿನವನನ್ನು ಬೀದಿಯಲ್ಲಿ ತಡೆದು ಬಾಯಿಗೆ ಬಂದಂತೆ ಬೈದೆ. ಅವನ ಹೆತ್ತವರನ್ನೂ ಬಿಡಲಿಲ್ಲ.

"ನಾನ್ಯಾಕೆ ನೀರು ಬೆರೆಸ್ಲೋ? ಮಿಕ್ಕ ಗಾಡಿಗಳೆಲ್ಲ ಓಡ್ತಾ ಇಲ್ವಾ?" ಅಂದ ಅವನು.

ಅಕ್ಕ ಜಗಲಿಯ ಮೇಲಿಂದ, ಇದ್ದಷ್ಟೂ ದನಿ ಎತ್ತಿ, "ನಿನ್ ಕೈ ಬಿದ್ದೋಗ! ನಾಳೆ ನನ್ ಹೆಣಾನೂ ಮುಟ್ಬ್ಯಾಡ ನೀನು," ಅಂದಳು. ಅವನು ತಲೆ ತಗ್ಗಿಸಿಕೊಂಡು ಹೋದ. ನನಗೆ ಸಮಾಧಾನವಾಯಿತು. ಹೌದು, ಆಗ ಸಮಾಧಾನವೇ ಆಯಿತು.

ಬಿಗಿದೂ ಬಿಗಿದೂ ಮುಚ್ಚಳದ ಹಲ್ಲು ಪೂರ್ತಿ ಸವೆದು, ಕೊನೆಗೆ ಅದು ಕೂರುವುದನ್ನೇ ಬಿಟ್ಟಿತು. ನಮ್ಮ ಹಳೇ ಮಾಡೆಲ್ಲಿನದು ಕೊರಟಗೆರೆಯಲ್ಲಿ ಸಿಗಲಿಲ್ಲ. ಸವೆದದ್ದನ್ನು ಜೇಬಿಗಿಟ್ಟುಕೊಂಡು ಬಸ್ಸಿನಲ್ಲಿ ಶಿರಾಕ್ಕೆ ಹೋದೆ. ಗಾಡಿ ಸಾಮಾನಿನ ಅಂಗಡಿಯ ಸಾಬರು ಅದನ್ನು ತಿರುಗಿಸಿ ನೋಡಿ, ಅಂಟನ್ನು ಉಗುರಿನಿಂದ ಕೆರೆದರು.

"ಯಾ ಅಲ್ಲಾ! ಈ ತೂತು ಮುಚ್ಚಿದ್ದು ಯಾರು ಭಾಯ್? ಪೆಟ್ರೋಲ್ ಇಳಿದಂಗೆಲ್ಲ ಟ್ಯಾಂಕಿಗೆ ಇದ್ರಿಂದ ಗಾಳಿ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ಇಂಜಿನ್‌ಗೆ ಪೆಟ್ರೋಲ್ ಬರೋದೇ ಇಲ್ಲ. ಗಾಡಿ ನಿಂತೋಗ್ತದೆ."

"ಯಾರೋ ಮೆಕ್ಯಾನಿಕ್," ಅಂದೆ.

"ತಲೆ ಇಲ್ಲ ಅವನಿಗೆ," ಅಂದರು.

ಮರುದಿನ ಬೆಳಿಗ್ಗೆ ಮನೆಯ ಮುಂದೆಯೇ ಹೊಸದನ್ನು ಹಾಕಿದೆ. ಎರಡು ನಿಮಿಷದ ಕೆಲಸ. ಟ್ಯಾಂಕಿನ ಬಾಯಿ ಒರೆಸಿ, ಟಕ್ ಅನ್ನುವವರೆಗೆ ತಿರುಗಿಸಿದರೆ ಮುಗಿಯಿತು. ಅಕ್ಕ ಜಗಲಿಯ ಕಂಬಕ್ಕೆ ಒರಗಿ ನೋಡುತ್ತಿದ್ದಳು.

"ಮುಚ್ಚಳ ಯಾಕ್ಲಾ ಬದಲಾಯ್ಸಿದ್ದು? ಗಾಡಿ ನಿಲ್ತಿದ್ದುದ್ದು ಅದ್ಕೇನಾ?"

ನಾನು ಬಗ್ಗಿ ಕೈ ಒರೆಸಿಕೊಳ್ಳತೊಡಗಿದೆ.

"ಅಂಗಾದ್ರೆ ಅವುಂದು ತಪ್ಪಿಲ್ವೇನ್ಲಾ? ಏನೇನೋ ಅಂದ್ಬುಟ್ನಲ್ಲೋ! ಕರೀಲಾ ಅವ್ನ. ಒಂದ್ ಮಾತಾಡ್ತೀನಿ."

ನಿಜ ಹೇಳಿದ್ದರೆ ಅಕ್ಕ ನನ್ನನ್ನು ಬೈಯುತ್ತಿರಲಿಲ್ಲ. ಹೋಗ್ಲಿ ಬುಡು ಅಂದುಬಿಡುತ್ತಿದ್ದಳು. ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ.

"ಅವುಂದೇ ತಪ್ಪು ಕಣಕ್ಕ. ನೀರು ಬೆರ್ಸಿದ್ದ. ಇದು ಸವೆದಿತ್ತು, ಅದ್ಕೆ ಹಾಕ್ದೆ," ಅಂದೆ.

"ಅಂಗಾ," ಅಂದವಳು ಗೋಡೆಯ ಕಡೆ ತಿರುಗಿಕೊಂಡಳು. ಅವನ ಮಾತು ಮತ್ತೆ ಎತ್ತಲಿಲ್ಲ.

ತಿಂಗಳು ತುಂಬುವುದರೊಳಗೆ ಹೋದಳು. ಚಟ್ಟ ಎತ್ತುವ ಹೊತ್ತಿಗೆ ಅವನು ಬಂಕಿನ ಅಂಗಿಯಲ್ಲೇ ಓಡಿಬಂದ. ಅಳುತ್ತಿದ್ದ. ಹೆಗಲು ಕೊಡಲು ಬಗ್ಗಿದಾಗ ನಮ್ಮ ಚಿಕ್ಕಪ್ಪ ಅಡ್ಡ ಬಂದು, "ನೀನ್ ಬ್ಯಾಡ ಕಣಪ್ಪ. ಮುಟ್ಬ್ಯಾಡ ಅಂತ ಅವಳೇ ಅಂದವ್ಳೆ," ಅಂದರು.

ಅವನು ನನ್ನ ಮುಖ ನೋಡಿದ. ನಾನೊಂದು ಮಾತು ಆಡಿದ್ದರೆ ಸಾಕಿತ್ತು. ಬಗ್ಗಿ ನನ್ನ ಕಡೆಯ ಬಿದಿರಿನ ಗಳವನ್ನು ಹೆಗಲಿಗೇರಿಸಿದೆ. ಅವನ ಜಾಗಕ್ಕೆ ಇನ್ಯಾರೋ ಬಂದರು.